‘ನಿನಗೆ ಬಣ್ಣ ಬೇಡ’: ಮಲೆನಾಡಿನ ಶಾಲೆಯೊಂದರ ಪ್ರಕರಣ ಅಧ್ಯಯನ

ಸ್ಟೀಲ್ ತಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಹಾಕಿ ಇದ್ದಿಲ ಪುಡಿ ಕಲಸಿಟ್ಟಿದ್ದೆ. ಸಾಲಾಗಿ ನಿಂತ ಮಕ್ಕಳ ಮುಖ, ಕುತ್ತಿಗೆ, ಕೈಗೆ ಹಚ್ಚುತ್ತಾ ಬರುತ್ತಿದ್ದೆ. ಶಾಲಾ ವಾರ್ಷಿಕೋತ್ಸವಕ್ಕೆ ಇನ್ನು ಒಂಬತ್ತೇ ದಿನ. ಕಾರ್ಯಕ್ರಮದ ಪಟ್ಟಿಯಲ್ಲಿ ‘ಕಾಡುಜನರ ಕುಣಿತ’ ಎಂದು ಬರೆದುಕೊಂಡಿದ್ದೆವು. ಸೊಂಟಕ್ಕೆ ಮಾವಿನ ಸೊಪ್ಪು, ಕೈಯಲ್ಲಿ ವಾಟೆ ಕೋಲಿನ ಭರ್ಜಿ, ತಲೆಗೆ ಕೋಳಿ ಪುಕ್ಕ. ಹದಿನಾರು ಮಕ್ಕಳು. ಏಳನೆಯವಳಾಗಿ ಅವಳು ನಿಂತಿದ್ದಳು. ಎಣ್ಣೆಯಲ್ಲಿ ಅದ್ದಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡು, “ನಿನಗೆ ಬಣ್ಣ ಬೇಡ ಬಿಡು, ಹಾಗೇ ನಿಂತ್ಕೋ” ಎಂದೆ.

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅವಳು ಅಳಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಸೊಪ್ಪಿನ ಹಗ್ಗ ಬಿಚ್ಚಿದಳು. ಎಲೆ ಉದುರದ ಹಾಗೆ ಸುತ್ತಿ ಬೆಂಚಿನ ಮೇಲಿಟ್ಟಳು. ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಆಮೇಲೆ ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಇದು ಸಾಗರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಡೆದದ್ದು. ನಾನು ಅಲ್ಲಿ ಕನ್ನಡ ಟೀಚರ್, ಎಂಟನೇ ತರಗತಿಯ ಕ್ಲಾಸ್ ಟೀಚರ್ ಕೂಡ. ಹುಡುಗಿಯ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ. ಬರೆಯುವ ಮುಂಚೆ ಅವಳನ್ನೂ ಅವಳ ಅಮ್ಮನನ್ನೂ ಕೇಳಿದ್ದೇನೆ. “ಬರೀರಿ, ಬೇರೆ ಟೀಚರ್‌ಗಳೂ ಓದ್ಲಿ” ಎಂದು ಅವಳೇ ಹೇಳಿದಳು. ಹಾಗಾಗಿ ನಾವು ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಜೂನ್‌ನಿಂದ ಡಿಸೆಂಬರ್‌ವರೆಗೆ

ಅವಳದು ಸಿದ್ದಿ ಸಮುದಾಯ. ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಹಲವರನ್ನು ಗುಲಾಮರಾಗಿ ಹಡಗಿನಲ್ಲಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಕಡೆ ತಲೆಮಾರುಗಳಿಂದ ಬದುಕಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಹಲವರ ಮನೆಮಾತು ಕೊಂಕಣಿ, ಹೊರಗೆ ಕನ್ನಡ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಘಟ್ಟದ ಈ ಭಾಗದಲ್ಲೇ ಹುಟ್ಟಿ ಬೆಳೆದ ನನಗೆ ಇದರಲ್ಲಿ ಮುಕ್ಕಾಲು ಪಾಲು ಗೊತ್ತಿರಲಿಲ್ಲ. ಆ ನಾಲ್ಕು ದಿನಗಳ ನಂತರವೇ ಓದಿ ತಿಳಿದುಕೊಂಡೆ.

ಅಪ್ಪ ಅಮ್ಮ ಯಲ್ಲಾಪುರ ಕಡೆಯಿಂದ ಅಡಿಕೆ ತೋಟದ ಕೆಲಸಕ್ಕೆ ಬಂದಿದ್ದರು. ತೋಟದ ಅಂಚಿನ ಬಿಡಾರದಲ್ಲಿ ವಾಸ. ತರಗತಿಯ 34 ಮಕ್ಕಳಲ್ಲಿ ಸಿದ್ದಿ ಇವಳೊಬ್ಬಳೇ. ಅದೇ ಹೆಸರಿನ ಇನ್ನೊಬ್ಬ ಹುಡುಗಿ ಇದ್ದಳು. ಹಾಜರಿ ಕರೆಯುವಾಗ ಗೊಂದಲ ಆಗಬಾರದು ಅಂತ ಆ ಹುಡುಗಿಯನ್ನು ಹೆಸರಿನಿಂದ, ಇವಳನ್ನು ಬರೀ ‘ಸಿದ್ದಿ’ ಅಂತ ಕರೆಯುತ್ತಿದ್ದೆ. ಜೂನ್‌ನಲ್ಲಿ ಶುರುವಾದದ್ದು ಡಿಸೆಂಬರ್‌ವರೆಗೂ ನಡೆಯಿತು. ಆ ಆರು ತಿಂಗಳು ನಾನು ಅವಳ ಹೆಸರನ್ನು ಬಾಯಿಬಿಟ್ಟು ಕರೆದದ್ದೇ ಇಲ್ಲ.

ಗುಂಗುರು ಕೂದಲಿಗೆ ಮಕ್ಕಳು ‘ಮ್ಯಾಗಿ’ ಅಂತ ಹೆಸರಿಟ್ಟಿದ್ದರು. ಬಿಸಿಯೂಟದ ಸಾಲಿನಲ್ಲಿ ಅವಳ ಪಕ್ಕ ಒಂದು ಮಣೆಯಷ್ಟು ಜಾಗ ಖಾಲಿ ಇರುತ್ತಿತ್ತು. ದೈಹಿಕ ಶಿಕ್ಷಕರು ಅವಳನ್ನು ಕಂಡ ದಿನವೇ ಓಟದ ತಂಡಕ್ಕೆ ಬರೆದುಕೊಂಡಿದ್ದರು. “ಇವ್ರಿಗೆ ಅದು ರಕ್ತದಲ್ಲೇ ಬಂದಿರುತ್ತೆ” ಅನ್ನುವುದು ಅವರ ಮಾತು. ಅದಕ್ಕೂ ಒಂದು ಹಿನ್ನೆಲೆ ಇದೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಹುಡುಕಿ ಆರಿಸಿ ತರಬೇತಿ ಕೊಟ್ಟಿತ್ತು. ಯೋಜನೆ ಕೆಲವೇ ವರ್ಷಕ್ಕೆ ನಿಂತಿತು, ಆ ಅಭಿಪ್ರಾಯ ಮಾತ್ರ ಉಳಿದುಕೊಂಡಿತು. ಅವಳಿಗೆ ಓಟ ಇಷ್ಟವಿಲ್ಲ ಎಂದು ಯಾರೂ ಕೇಳಿ ತಿಳಿದುಕೊಂಡಿರಲಿಲ್ಲ.

ಇದೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಹೊಡೆದಾಟ ಇಲ್ಲ, ಅಳು ಇಲ್ಲ, ದೂರು ಇಲ್ಲ. ಹೀಗಾಗಿ ಸಮಸ್ಯೆಯೇ ಇಲ್ಲ ಅಂದುಕೊಂಡಿದ್ದೆ. 2023ರಿಂದ ನಮ್ಮ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಸ್ಥಾನಮಾನ ಮತ್ತು ಅವಕಾಶಗಳ ಸಮಾನತೆಯ ಮಾತನ್ನು ಪ್ರಾರ್ಥನೆಯಲ್ಲಿ ಅವಳೂ ಹೇಳುತ್ತಿದ್ದಳು, ನಾನೂ ಹೇಳುತ್ತಿದ್ದೆ.

ಅಡಿಕೆ ಸುಲಿಯುವ ಚಪ್ಪರ

ಮೂರನೇ ದಿನ ಸ್ಟಾಫ್ ರೂಮಿನಲ್ಲಿ ವಿಷಯ ಎತ್ತಿದೆ. ಒಬ್ಬರು “ಮಕ್ಕಳಾಟ, ಬಿಡಿ ಮೇಡಂ” ಎಂದರು. ಇನ್ನೊಬ್ಬರು “ನೀವೇನು ಬೇಕು ಅಂತ ಅಂದ್ರಾ?” ಎಂದು ಸಮಾಧಾನ ಮಾಡಿದರು. ಮುಖ್ಯ ಶಿಕ್ಷಕರ ಮೊದಲ ಪ್ರಶ್ನೆ, “ಅಟ್ರಾಸಿಟಿ ಕೇಸ್ ಏನಾದ್ರೂ ಆಗುತ್ತಾ?” ಮಗು ಹೇಗಿದೆ ಎಂಬುದು ಎರಡನೇ ಪ್ರಶ್ನೆಯೂ ಆಗಲಿಲ್ಲ. ಅವರು ಕೆಟ್ಟವರಲ್ಲ. ಇಂಥ ವಿಷಯ ಬಂದಾಗ ಶಾಲೆಯ ಹೆಸರು ಉಳಿಸಿಕೊಳ್ಳುವುದನ್ನೇ ನಮಗೆಲ್ಲ ಕಲಿಸಿರುವುದು, ಅಲ್ವಾ?

ಕಾನೂನು ಏನು ಹೇಳುತ್ತದೆ ಎಂದು ಅವತ್ತೇ ತೆಗೆದು ನೋಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅವಕಾಶವಂಚಿತ ಗುಂಪಿನ ಮಗುವಿಗೆ ತಾರತಮ್ಯ ಆಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಎಂದು 8ನೇ ಸೆಕ್ಷನ್ ಹೇಳುತ್ತದೆ. ಎಂಟನೇ ತರಗತಿಯವರೆಗಿನ ಮಕ್ಕಳು ಈ ಕಾಯ್ದೆಯೊಳಗೆ ಬರುತ್ತಾರೆ. ನಾನು ಆಡಿದ ಮಾತು ಸುಮ್ನೆ ತಮಾಷೆ ಎಂದು ತಳ್ಳಿಹಾಕುವಂಥದ್ದಾಗಿರಲಿಲ್ಲ.

ನಾಲ್ಕನೇ ದಿನ ಸಂಜೆ ಬಿಡಾರಕ್ಕೆ ಹೋದೆ. ಕೊಯ್ಲಿನ ಕಾಲ. ಚಪ್ಪರದ ಕೆಳಗೆ ಬಲ್ಬು ಹಾಕಿಕೊಂಡು ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಅಮ್ಮನ ಪಕ್ಕ ಅವಳೂ ಇದ್ದಳು. ಕತ್ತಿಗೆ ಅಡಿಕೆ ಒತ್ತಿ, ಸಿಪ್ಪೆ ಎಳೆದು, ಸುಲಿದ ಅಡಿಕೆಯನ್ನು ಬುಟ್ಟಿಗೆ ಎಸೆಯುವುದು. ಕಣ್ಣು ಬೇರೆಲ್ಲೋ, ಕೈ ಮಾತ್ರ ತಪ್ಪುತ್ತಿರಲಿಲ್ಲ. ಅಲ್ಲಿ ಕೂತಿದ್ದ ಎಲ್ಲರ ಬೆರಳೂ ಅಡಿಕೆಯ ಕರೆ ಹಿಡಿದು ಕಪ್ಪಾಗಿದ್ದವು.

ನಾನು ಹೇಳಬೇಕು ಅಂದುಕೊಂಡು ಹೋಗಿದ್ದ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಅಮ್ಮನೇ ಮಾತಾಡಿದರು. “ನಂಗಿದು ಹೊಸದಲ್ಲ ಅಕ್ಕೋರೇ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು ಇದಕ್ಕೇ. ಇವಳಾದ್ರೂ ಓದ್ಲಿ ಅಂತ ಕಳಿಸಿದ್ದೆ.”

ಹುಡುಗಿ ತಲೆ ಎತ್ತದೆ ಹೇಳಿದಳು. “ಅವ್ರು ದಿನಾ ಏನಾದ್ರೂ ಅಂತಾನೇ ಇರ್ತಾರೆ ಮಿಸ್. ನೀವು ಅಂದಿರ್ಲಿಲ್ಲ. ಅವತ್ತು ನೀವೂ ಅಂದ್ರಿ.”

ಈ ಪ್ರಕರಣದಲ್ಲಿ ನಾನು ಕಲಿತದ್ದಕ್ಕೆಲ್ಲ ಆ ಮಾತೇ ಮೂಲ. ಮಕ್ಕಳ ಗೇಲಿಯನ್ನು ಅವಳು ಆರು ತಿಂಗಳು ಹೇಗೋ ತಡೆದುಕೊಂಡಿದ್ದಳು. ದೊಡ್ಡವರು ಯಾರಾದರೂ ತನ್ನ ಕಡೆ ಇರಬಹುದು ಎಂಬ ನಂಬಿಕೆ ಎಲ್ಲೋ ಇತ್ತು. ನಾನು ಅದನ್ನೇ ಕಿತ್ತುಕೊಂಡಿದ್ದೆ.

ಮೊದಲ ಪರಿಹಾರ ತಪ್ಪಾಯಿತು

ಅಲ್ಲೇ ಚಪ್ಪರದಲ್ಲಿ, ಏನಾದರೂ ಸರಿಮಾಡುವ ಆತುರಕ್ಕೆ ಬಿದ್ದು ಹೇಳಿದೆ. “ಆ ಡ್ಯಾನ್ಸ್ ತೆಗೆದುಬಿಡ್ತೀವಿ. ಅದರ ಬದಲು ನಿಮ್ಮ ಸಿದ್ದಿಯರ ಡಮಾಮಿ ಕುಣಿತ ಮಾಡಿಸೋಣ. ನೀನೇ ಕಲಿಸು.” ಇದು ಅವಳಿಗೆ ಗೌರವ ಕೊಟ್ಟ ಹಾಗೆ ಅಂತ ನಿಜವಾಗಿಯೂ ನಂಬಿದ್ದೆ.

“ನಂಗೆ ಕುಣಿಯೋಕೆ ಬರಲ್ಲ ಮಿಸ್. ನಂಗೆ ಲೆಕ್ಕ ಇಷ್ಟ” ಎಂದಳು.

ಮೊದಲು ಅವಳ ಮೈಬಣ್ಣವನ್ನು ವೇದಿಕೆಗೆ ಹತ್ತಿಸಲು ಹೊರಟಿದ್ದೆ. ಈಗ ಅವಳ ಸಮುದಾಯವನ್ನು ಹತ್ತಿಸಲು ಹೊರಟೆ. ಎರಡರಲ್ಲೂ ಅವಳು ಇರಲಿಲ್ಲ. ಶಿಕ್ಷಕರು ಜಾಸ್ತಿ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಆದಿವಾಸಿ ಮಗು ಅಂದರೆ ಡೋಲು, ಕುಣಿತ, ಓಟ. ಉಳಿದ ಮಕ್ಕಳಿಗೆ ಇಷ್ಟಪಟ್ಟದ್ದನ್ನು ಆರಿಸುವ ಹಕ್ಕಿದೆ. ಈ ಮಗುವಿಗೆ ಮಾತ್ರ ಸಮುದಾಯದ ಪ್ರತಿನಿಧಿಯ ಕೆಲಸ. ಡಮಾಮಿ ಕುಣಿತ ಬೇಡ ಅನ್ನುತ್ತಿಲ್ಲ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ರಂಗಭೂಮಿಯಲ್ಲಿ ಹೆಸರು ಮಾಡಿದ ಸಿದ್ದಿ ಕಲಾವಿದರಿದ್ದಾರೆ. ಅವರು ಆ ದಾರಿಯನ್ನು ತಾವೇ ಆರಿಸಿಕೊಂಡರು. ಇವಳಿಗೂ ಅದೇ ಆಯ್ಕೆ ಸಿಗಬೇಕು, ಅಷ್ಟೇ.

“ಹಾಗಾದ್ರೆ ನಾನೇನು ಮಾಡ್ಲಿ ಹೇಳು” ಎಂದು ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ. ತುಂಬ ಹೊತ್ತು ಸುಮ್ಮನಿದ್ದು ಮೂರು ಮಾತು ಹೇಳಿದಳು. ಹಾಜರಿಯಲ್ಲಿ ಹೆಸರು ಕರೀಬೇಕು. ಅವತ್ತು ನಕ್ಕವರ ಎದುರಿಗೇ ನೀವು ತಪ್ಪಾಯ್ತು ಅನ್ನಬೇಕು. ಇಡೀ ಶಾಲೆಗೆ ಹೇಳಬೇಡಿ, ಎಲ್ಲರೂ ನನ್ನನ್ನೇ ನೋಡ್ತಾರೆ.

ಅದೇ ಹಾಲ್

ಮರುದಿನ ಅವಳು ಬಂದಳು. ಅದೇ ಹಾಲ್‌ನಲ್ಲಿ ಆ ಮಕ್ಕಳನ್ನೇ ಸೇರಿಸಿದೆ. ಅವಳು ಕೂತುಕೊಳ್ಳುವುದು ಬಿಡುವುದು ಅವಳಿಗೇ ಬಿಟ್ಟದ್ದು ಎಂದಿದ್ದೆ. ಹಿಂದೆ ಬಾಗಿಲ ಹತ್ತಿರ ನಿಂತಳು.

ಮಾತು ಮೂರು ನಿಮಿಷವೂ ಇರಲಿಲ್ಲ. ಮೊನ್ನೆ ನಾನು ಒಬ್ಬ ವಿದ್ಯಾರ್ಥಿನಿಯ ಮೈಬಣ್ಣವನ್ನು ತಮಾಷೆ ಮಾಡಿದೆ, ಅದು ತಪ್ಪು, ಅವಳಿಗೆ ನೋವಾಯಿತು, ನಾನು ಕ್ಷಮೆ ಕೇಳಿದ್ದೇನೆ. ನಾನು ಹಾಗೆ ಅಂದಿದ್ದಕ್ಕೇ ನೀವು ನಕ್ಕಿರಿ, ಅದರ ಹೊಣೆ ನನ್ನದು. ಈ ಕುಣಿತವನ್ನೂ ತೆಗೆಯುತ್ತಿದ್ದೇವೆ, ಯಾಕೆಂದರೆ ಕಾಡಿನಲ್ಲಿ ಬದುಕುವವರು ಹೀಗಿರುತ್ತಾರೆ ಎಂದು ನಾವು ಸುಳ್ಳು ಕಲಿಸುತ್ತಿದ್ದೆವು. ಇಷ್ಟೇ ಹೇಳಿದ್ದು. “ನೋವಾಗಿದ್ದರೆ” ಎಂಬ ಪದ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನೋವಾಗಿತ್ತು. ಅದರಲ್ಲಿ ‘ರೆ’ ಇರಲಿಲ್ಲ.

ಮಕ್ಕಳು ಗಾಬರಿಯಾಗಿ ಕೂತಿದ್ದರು. ಟೀಚರ್ ತಪ್ಪೊಪ್ಪಿಕೊಂಡದ್ದನ್ನು ಅವರು ಹಿಂದೆ ಕಂಡಿರಲಿಲ್ಲ. ಒಬ್ಬ ಹುಡುಗಿ ಎದ್ದು, “ಮಿಸ್, ನಮ್ಮನೇಲಿ ಜಂಪರಿಗೆ ದುಡ್ಡು ಕೊಟ್ಟಾಗಿದೆ” ಎಂದಳು. ನಿಜವಾದ ತೊಂದರೆ ಅದು. ಆ ಬಟ್ಟೆಗಳನ್ನೇ ಇಟ್ಟುಕೊಂಡು ನಾಟಿ ಗದ್ದೆಯ ಹಾಡುಗಳ ಕೋಲಾಟ ಮಾಡಿದೆವು. ಒಂಬತ್ತರಲ್ಲಿ ಉಳಿದದ್ದು ನಾಲ್ಕು ದಿನ. ಹೆಜ್ಜೆ ಅಷ್ಟೇನೂ ಕೂಡಿ ಬರಲಿಲ್ಲ.

ನಕ್ಕ ಮಕ್ಕಳಿಗೆ ಶಿಕ್ಷೆ ಕೊಡಬೇಕು ಎಂದು ಇಬ್ಬರು ಸಹೋದ್ಯೋಗಿಗಳು ಹೇಳಿದರು. ನಾನು ಒಪ್ಪಲಿಲ್ಲ. ಶಿಕ್ಷೆ ಕೊಟ್ಟರೆ ಅವರ ಸಿಟ್ಟು ಮತ್ತೆ ಅವಳ ಮೇಲೇ ಬೀಳುತ್ತದೆ.

ಅಜ್ಜಿಯನ್ನು ಕೇಳಿ ಬನ್ನಿ

ವಾರ್ಷಿಕೋತ್ಸವ ಮುಗಿದ ಮೇಲೆ ಶುರುವಾದ ಕೆಲಸವೇ ಇದರಲ್ಲಿ ಮುಖ್ಯವಾದದ್ದು. ಅವಳ ಬಗ್ಗೆ ಪಾಠ ಮಾಡಿದರೆ ಮತ್ತೆ ಎಲ್ಲರ ಕಣ್ಣು ಅವಳ ಮೇಲೆ. ಅದಕ್ಕೆ ಉಳಿದವರ ಮನೆಯಿಂದ ಶುರುಮಾಡಿದೆ. ನಮ್ಮ ತಾಲೂಕಿನ ಮಕ್ಕಳಿಗೆ ಇದಕ್ಕಾಗಿ ದೂರ ಹೋಗಬೇಕಿಲ್ಲ. ಕಾಗೋಡು ಇಲ್ಲೇ ಇದೆ. 1951ರಲ್ಲಿ ಅಲ್ಲಿನ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯೇ ಜಗಳದ ಬೇರು. ಮುಂದೆ ನಿಂತವರು ಗಣಪತಿಯಪ್ಪ. ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನನ್ನ ತರಗತಿಯ ಅರ್ಧ ಮಕ್ಕಳು ಆ ಗೇಣಿದಾರರ ಮರಿಮಕ್ಕಳು.

ಹೋಂವರ್ಕ್ ಕೊಟ್ಟೆ. “ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೇಳಿ ಬನ್ನಿ. ನಿಮ್ಮನ್ನು ಯಾರಾದರೂ ಯಾವತ್ತಾದರೂ ಹೊರಗೆ ನಿಲ್ಲಿಸಿದ್ದರಾ?”

ಸೋಮವಾರ ಬಂದ ಪುಸ್ತಕಗಳನ್ನು ಓದಿ ನಾನು ಬೆಚ್ಚಿಬಿದ್ದೆ. ಒಬ್ಬಳ ಅಜ್ಜಿಗೆ ಬಾಯಾರಿದಾಗ ಬೊಗಸೆಗೆ ಮೇಲಿಂದ ನೀರು ಹೊಯ್ಯುತ್ತಿದ್ದರಂತೆ, ಚೆಂಬು ಮುಟ್ಟಬಾರದು. ಇನ್ನೊಬ್ಬನ ಅಜ್ಜ ಅಂಗಳದಲ್ಲಿ ಉಂಡು, ಎಲೆ ತಾನೇ ಎತ್ತಿ, ಕೂತ ಜಾಗಕ್ಕೆ ಸಗಣಿ ಹಾಕಿ ಒರೆಸಿ ಬರಬೇಕಿತ್ತಂತೆ. ಭೂಮಾಲೀಕರ ಮುಂದೆ ಪಂಚೆ ಮೊಣಕಾಲ ಕೆಳಗೆ ಇಳಿಬಿಡುವಂತಿರಲಿಲ್ಲ ಎಂದು ಒಬ್ಬ ಬರೆದಿದ್ದ. ಬಿಸಿಯೂಟದಲ್ಲಿ ಅವಳ ಪಕ್ಕ ಜಾಗ ಬಿಟ್ಟು ಕೂರುತ್ತಿದ್ದ ಹುಡುಗಿಯ ಪುಸ್ತಕದಲ್ಲಿ ಕೊನೆಯ ಸಾಲು ಹೀಗಿತ್ತು: ‘ಇದನ್ನು ಹೇಳುವಾಗ ಅಜ್ಜಿ ಅತ್ತಳು, ನಾನು ಮೊದಲು ಕೇಳಿರಲಿಲ್ಲ.’

ಎರಡು ಪುಸ್ತಕ ಬೇರೆಯೇ ಇದ್ದವು. ತೋಟದ ಮನೆಯ ಒಬ್ಬ ಹುಡುಗ ಬರೆದಿದ್ದ: ‘ನಮ್ಮ ಅಜ್ಜಿಯನ್ನು ಯಾರೂ ನಿಲ್ಲಿಸಿರಲಿಲ್ಲ. ಮೇಲಿಂದ ನೀರು ಹೊಯ್ಯುತ್ತಿದ್ದದ್ದು ನಮ್ಮ ಅಜ್ಜಿಯೇ.’ ಆ ಪುಟ ಬರೆಯಲು ಎಷ್ಟು ಧೈರ್ಯ ಬೇಕಿತ್ತು ಎಂದು ಈಗಲೂ ಯೋಚಿಸುತ್ತೇನೆ. ಅವನನ್ನು ಬೇರೆ ಕರೆದು ಮಾತಾಡಿದೆ. ಅಜ್ಜಿ ಮಾಡಿದ್ದು ನಿನ್ನ ತಪ್ಪಲ್ಲ, ನೀನು ನಿಜ ಬರೆದೆ, ತರಗತಿಯಲ್ಲಿ ಓದಬೇಕೋ ಬೇಡವೋ ನೀನೇ ಹೇಳು ಎಂದೆ. ಓದಿದ. ಯಾರೂ ಅವನನ್ನು ಹೀಯಾಳಿಸಲಿಲ್ಲ.

ಇನ್ನೊಂದು ಪುಸ್ತಕ ಒಬ್ಬ ದಲಿತ ಹುಡುಗನದು. ಒಂದೇ ಸಾಲು. ‘ಅಜ್ಜನನ್ನು ಯಾಕೆ ಕೇಳಬೇಕು ಮಿಸ್, ನನ್ನನ್ನೇ ಕೇಳಿ.’ ಹಿಂದಿನ ತಿಂಗಳು ಒಂದು ಮದುವೆ ಮನೆಯಲ್ಲಿ ಅವನ ಮನೆಯವರನ್ನೆಲ್ಲ ಕೊನೆಗೆ, ಬೇರೆ ಪಂಕ್ತಿಯಲ್ಲಿ ಕೂರಿಸಿದ್ದರು. ನಾನು ಇದನ್ನೆಲ್ಲ ಇತಿಹಾಸದ ಪಾಠ ಅಂದುಕೊಂಡು ಶುರುಮಾಡಿದ್ದೆ. ಅವನು ಅದನ್ನು ಆ ತಿಂಗಳಿಗೆ ತಂದು ನಿಲ್ಲಿಸಿದ.

ಚರ್ಚೆ ಎರಡು ಪೀರಿಯಡ್ ನಡೆಯಿತು. ನಾನು ಸಿದ್ದಿಗಳ ಹೆಸರೇ ಎತ್ತಿರಲಿಲ್ಲ. ಕೊನೆಗೆ ಮೂರನೇ ಬೆಂಚಿನ ಹುಡುಗ ತಾನಾಗಿ ಎದ್ದು, “ಹಂಗಾದ್ರೆ ನಾವು ಕ್ಲಾಸಲ್ಲಿ ಒಬ್ರಿಗೆ ಅಡ್ಡಹೆಸರಿಟ್ಟು ಕರೀತೀವಲ್ಲ, ಅದೂ ಅದೇನಾ ಮಿಸ್?” ಎಂದು ಕೇಳಿದ. “ನಿನಗೇನನ್ನಿಸುತ್ತೆ?” ಎಂದೆ. “ಅದೇ ಅನ್ಸುತ್ತೆ” ಎಂದು ಕೂತ.

ವಿಜ್ಞಾನದ ಮೇಷ್ಟ್ರು ಒಂದು ಪೀರಿಯಡ್ ಮೆಲನಿನ್ ಬಗ್ಗೆ ಹೇಳಿದರು. ಅದು ಎಲ್ಲರ ಚರ್ಮದಲ್ಲೂ ಇದೆ, ಹೆಚ್ಚು ಕಡಿಮೆ ಅಷ್ಟೇ. ಯಾವ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಅವರ ಡಿಎನ್‌ಎ ಸುಮಾರು ಶೇ. 99.9ರಷ್ಟು ಒಂದೇ. ಸಮಾಜ ವಿಜ್ಞಾನದವರು ಮಲಿಕ್ ಅಂಬರನ ಕಥೆ ಹೇಳಿದರು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನ್ನಿಗೆ ಬಂದು, ಅಹಮದ್‌ನಗರ ರಾಜ್ಯದ ಆಡಳಿತ ಹಿಡಿದು, ವರ್ಷಗಟ್ಟಲೆ ಮೊಘಲರೊಂದಿಗೆ ಸೆಣಸಿ, 1626ರಲ್ಲಿ ತೀರಿಕೊಂಡವನು. ಮಕ್ಕಳಿಗೆ ಗೆರಿಲ್ಲಾ ಯುದ್ಧದ ಭಾಗ ಬಹಳ ಹಿಡಿಸಿತು.

ಬದಲಾದದ್ದು, ಆಗದೇ ಹೋದದ್ದು

ಹಾಜರಿಯಲ್ಲಿ ಈಗ ಎಲ್ಲ ತರಗತಿಗಳಲ್ಲೂ ಹೆಸರು ಕರೆಯುತ್ತೇವೆ. ಒಂದೇ ಹೆಸರಿನವರು ಇಬ್ಬರಿದ್ದರೆ ಇಬ್ಬರಿಗೂ ಇನಿಷಿಯಲ್ ಸೇರುತ್ತದೆ. ಬಿಸಿಯೂಟಕ್ಕೆ ಹಾಜರಿ ಸಂಖ್ಯೆಯಂತೆ ಕೂರುವುದು, ವಾರಕ್ಕೊಮ್ಮೆ ಸಾಲು ಬದಲು. ಶಿಕ್ಷಕರೂ ಅದೇ ಸಾಲಿನಲ್ಲಿ ಊಟಕ್ಕೆ ಕೂರುತ್ತೇವೆ. ಇದರಿಂದಾದಷ್ಟು ಪ್ರಯೋಜನ ಭಾಷಣದಿಂದ ಆಗಲಿಲ್ಲ. ಪ್ರತಿಭಾ ಕಾರಂಜಿಯ ಛದ್ಮವೇಷವಿರಲಿ, ವಾರ್ಷಿಕೋತ್ಸವವಿರಲಿ, ಮೈಗೆ ಕಪ್ಪು ಬಳಿದು ಇನ್ನೊಂದು ಸಮುದಾಯದವರ ವೇಷ ಹಾಕಿಸುವುದಿಲ್ಲ ಎಂದು ಸಿಬ್ಬಂದಿ ಸಭೆಯಲ್ಲಿ ಬರೆದು ಸಹಿ ಮಾಡಿದೆವು. ದೂರು ಪೆಟ್ಟಿಗೆ ಮೊದಲೇ ಇತ್ತು, ಬೀಗದ ಕೈ ಕಳೆದುಹೋಗಿತ್ತು. ಹೊಸ ಬೀಗ ಹಾಕಿ ಪ್ರತಿ ಶನಿವಾರ ಇಬ್ಬರು ಟೀಚರ್ ತೆಗೆದು ಓದುತ್ತೇವೆ. ಅದರ ಮೇಲೆ 1098, ಮಕ್ಕಳ ಸಹಾಯವಾಣಿಯ ಸಂಖ್ಯೆ ಬರೆಸಿದ್ದೇವೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸಭೆ ಸುಲಭವಾಗಿರಲಿಲ್ಲ. “ಇಲ್ಲದ ಜಾತಿ ವಿಷಯ ಮಕ್ಕಳ ತಲೆಗೆ ತುಂಬ್ತಿದ್ದೀರಿ” ಎಂದು ಒಬ್ಬ ಸದಸ್ಯರು ಏರುದನಿಯಲ್ಲಿ ಹೇಳಿದರು. ನಾನು ಮಕ್ಕಳ ಪುಸ್ತಕಗಳನ್ನು ಹೆಸರು ಕಾಣದ ಹಾಗೆ ಮಡಚಿ, ಮೂರು ಪುಟ ಓದಿದೆ. ಅವರು ಒಪ್ಪಿದರು ಎಂದು ಹೇಳಲಾರೆ. ಮತ್ತೆ ಮಾತಾಡಲಿಲ್ಲ. ಮುಖ್ಯ ಶಿಕ್ಷಕರು ಮಾತ್ರ ನನ್ನ ಬೆನ್ನಿಗೆ ನಿಂತರು, ಅದನ್ನು ಇಲ್ಲಿ ಬರೆಯಲೇಬೇಕು.

ದೈಹಿಕ ಶಿಕ್ಷಕರ ಅಭಿಪ್ರಾಯ ಬದಲಾಗಲಿಲ್ಲ. ಅವಳನ್ನು ತಂಡದಿಂದ ಬಿಟ್ಟರು, ಬೇಸರದಿಂದ. ಶಾಲೆಯೊಳಗೆ ‘ಮ್ಯಾಗಿ’ ನಿಂತಿತು, ಬಸ್ಸಿನಲ್ಲಿ ಬೇರೆ ಶಾಲೆಯ ಹುಡುಗರದು ನಿಲ್ಲಲಿಲ್ಲ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ತರಗತಿಯ ನಾಲ್ಕು ಹುಡುಗಿಯರು ಬಸ್ಸಿನಲ್ಲಿ ಅವಳ ಜೊತೆಗೇ ಕೂರತೊಡಗಿದರು. ಅದನ್ನು ನಾನು ಹೇಳಿ ಮಾಡಿಸಿದ್ದಲ್ಲ.

ವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ತರಗತಿಗೆ ಎರಡನೆಯವಳಾದಳು. ಮೇ ತಿಂಗಳಲ್ಲಿ ಅಮ್ಮ ಟಿಸಿ ಕೇಳಲು ಬಂದರು. ತೀರ್ಥಹಳ್ಳಿ ಕಡೆ ಬೇರೆ ತೋಟದಲ್ಲಿ ವರ್ಷವಿಡೀ ಕೆಲಸ ಸಿಕ್ಕಿತ್ತು. ನಾನು ಟಿಸಿ ಬರೆಯುತ್ತಿದ್ದಾಗ ಅವಳು ಮೇಜಿನ ಪಕ್ಕ ನಿಂತು ತನ್ನ ಹೆಸರಿನ ಒತ್ತಕ್ಷರ ಸರಿಯಿದೆಯಾ ಎಂದು ಬಗ್ಗಿ ನೋಡಿದಳು. ಆಮೇಲೆ ಕೇಳಿದಳು, “ಅಲ್ಲೂ ಆ ಡ್ಯಾನ್ಸ್ ಇದ್ರೆ ಏನ್ ಮಾಡ್ಲಿ ಮಿಸ್?”

ಅವತ್ತು ಸಂಜೆ ಅವಳನ್ನೂ ಅಮ್ಮನನ್ನೂ ಕೇಳಿಕೊಂಡು, ಆ ಶಾಲೆಯ ಕನ್ನಡ ಮೇಷ್ಟ್ರಿಗೆ ಫೋನ್ ಮಾಡಿದೆ. ಲೆಕ್ಕದಲ್ಲಿ ಜಾಣೆ ಎಂದು ಮೊದಲು ಹೇಳಿದೆ. ಆಮೇಲೆ ತಟ್ಟೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ.

“ಹೋದ ವರ್ಷ ನಮ್ಮಲ್ಲೂ ಆ ಡ್ಯಾನ್ಸ್ ಇತ್ತು ಮೇಡಂ” ಎಂದರು. “ಒಂದ್ನಿಮಿಷ, ಬಾಗಿಲು ಹಾಕಿಕೊಂಡು ಬರ್ತೀನಿ. ಆ ಅಜ್ಜಿಯರ ಹೋಂವರ್ಕ್ ಹೇಗೆ ಕೊಟ್ರಿ ಅಂತ ಹೇಳಿ.”